ಜಗ್ಗದ ಹಿಡಿ, ನಿಲ್ಲದ ಹನಿ

ಕಲಘಟಗಿ ತಾಲ್ಲೂಕಿನ ತಂಬೂರ ಎಂದೊಡನೆ ಧಾರವಾಡ ಸೀಮೆಯವರಿಗೆ ನೆನಪಾಗುವುದು ಎರಡು. ಒಂದು ಬಸವಣ್ಣನ ಗುಡಿ, ಇನ್ನೊಂದು ಕೆರೆ. ಇಂಥ ಊರುಗಳಲ್ಲಿ ನೀರೆಂದರೆ ಮೊದಲು ಕೆರೆ, ಬಾವಿ. ಆಮೇಲೆ ಕೈಪಂಪು, ಬೋರು. ತಲೆಯ ಮೇಲೊಂದು ಕೊಡ, ಬಗಲಲ್ಲೊಂದು ಕೊಡ. ಮನೆಯೊಳಗೆ, ಅದೂ ಬಚ್ಚಲಲ್ಲಿ, ನಳ ಎಂಬುದು ಹುಬ್ಬಳ್ಳಿಯ ನೆಂಟರ ಮನೆಯಲ್ಲಿ ಕಾಣುತ್ತಿದ್ದ ಸೌಕರ್ಯ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರು ಪಡೆದು ಹಳ್ಳಿ ಹಳ್ಳಿಗೂ ಪೈಪು ಎಳೆಯಿತು. ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ಎಂಬುದು ಆ ಯೋಜನೆಯ ಲೆಕ್ಕ.

ನಳ ಬಂದ ಹಿಂದೆಯೇ ನಳದ ರೋಗವೂ ಬರುತ್ತದೆ. ಅದೇ ಸೋರಿಕೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಚ್ಚಲಿನಿಂದ ಟಪ್, ಟಪ್ ಎಂಬ ಸದ್ದು. ಮೊದಲ ವಾರ ಅದು ಕಿವಿಗೆ ಚುಚ್ಚುತ್ತದೆ, ಎರಡನೇ ವಾರ ರೂಢಿಯಾಗುತ್ತದೆ, ಮೂರನೇ ವಾರಕ್ಕೆ ನಳದ ಕೆಳಗೊಂದು ಬಕೆಟ್ ಇಟ್ಟು ಮನೆಮಂದಿ ಸುಮ್ಮನಾಗುತ್ತಾರೆ.

ಆ ಹನಿಯ ಲೆಕ್ಕವನ್ನು ಏಳನೇ ತರಗತಿಯ ಹುಡುಗಿಯೂ ಮಾಡಬಲ್ಲಳು. ನಳದಿಂದ ಬೀಳುವ ಒಂದು ಹನಿ ಸುಮಾರು ಕಾಲು ಮಿಲಿಲೀಟರ್ ಎಂದು ಹಿಡಿಯೋಣ. (ನಂಬಿಕೆ ಬಾರದಿದ್ದರೆ ಔಷಧದ ಅಳತೆಯ ಲೋಟದಲ್ಲಿ ನೂರು ಹನಿ ಹಿಡಿದು ನೋಡಬಹುದು, ಪಾಲಕರು ಮಕ್ಕಳಿಂದ ಮಾಡಿಸಬಹುದಾದ ಒಳ್ಳೆಯ ಪ್ರಯೋಗ.) ಸೆಕೆಂಡಿಗೆ ಒಂದು ಹನಿಯಾದರೆ ದಿನಕ್ಕೆ 86,400 ಹನಿ. ಅಂದರೆ 21.6 ಲೀಟರ್, ಹೆಚ್ಚುಕಡಿಮೆ ಒಂದೂವರೆ ಕೊಡ. ವರ್ಷಕ್ಕೆ 7,800 ಲೀಟರಿಗೂ ಮಿಕ್ಕಿ. ಒಬ್ಬರ ದಿನದ ಪಾಲು 55 ಲೀಟರ್ ಎಂದಾದರೆ, ಕೆಟ್ಟ ನಳವೊಂದು ಅದರ ಐದರಲ್ಲಿ ಎರಡು ಪಾಲನ್ನು ಯಾರ ಬಾಯಿಗೂ ಮುಟ್ಟಿಸದೆ ಮೋರಿಗೆ ಸುರಿಯುತ್ತದೆ.

ಇದು ಯಾವ ಸೀಮೆಯ ನೀರು ಎಂಬುದನ್ನೂ ನೆನೆಯಬೇಕು. ತಂಬೂರದ್ದೇ ತಾಲ್ಲೂಕಿನ ನೀರಸಾಗರ 1950ರ ದಶಕದಿಂದ ಹುಬ್ಬಳ್ಳಿಗೆ ನೀರು ಕೊಟ್ಟ ಜಲಾಶಯ. ಬೇಡ್ತಿ ಹಳ್ಳಕ್ಕೆ ಕಟ್ಟಿದ ಆ ಜಲಾಶಯವೇ 2017ರಲ್ಲಿ ಬತ್ತಿ ನೆಲ ಬಿರುಕು ಬಿಟ್ಟಿತ್ತು. ಮತ್ತೆ ಕೋಡಿ ಹರಿದದ್ದು 2019ರ ಆಗಸ್ಟ್ ಮಳೆಗೆ. ಪೂರ್ವದ ಕಡೆ ನವಲಗುಂದ, ಅಣ್ಣಿಗೇರಿಯ ಎರೆ ಭೂಮಿಯಲ್ಲಿ ಬಾವಿ ತೋಡಿದರೆ ಸವುಳು ನೀರು. ಅಲ್ಲಿನ ಹಳ್ಳಿಗಳು ದಶಕಗಳ ಕಾಲ ಕೆರೆಯ ನೀರನ್ನೇ ಕುಡಿದು ಬಾಳಿದವು. ಕಳಸಾ-ಬಂಡೂರಿ ನೀರಿಗಾಗಿ 2015ರಲ್ಲಿ ನರಗುಂದ, ನವಲಗುಂದದ ರೈತರು ಧರಣಿ ಕೂತದ್ದು ವರ್ಷಗಟ್ಟಲೆ ನಡೆಯಿತು. ನೀರಿಗಾಗಿ ಬೀದಿಗಿಳಿದ ಜಿಲ್ಲೆಯಲ್ಲಿ ಬಚ್ಚಲ ನಳ ಸೋರುತ್ತ ಕೂರುವುದು ಸಣ್ಣ ಸಂಗತಿಯೇನಲ್ಲ.

ಹಾಗಿದ್ದೂ ಜನ ಯಾಕೆ ಸುಮ್ಮನಿರುತ್ತಾರೆ? ಸೋಮಾರಿತನ ಎಂದುಬಿಡುವುದು ಸುಲಭ. ನಿಜವಾದ ಕಾರಣ ಬೇರೆ. ಬಹುತೇಕ ಸೋರಿಕೆಗೆ ಮೂಲವಾದ ರಬ್ಬರಿನ ಬಿಲ್ಲೆ, ಅಂದರೆ ವಾಷರ್, ಕೆಲವೇ ರೂಪಾಯಿಗೆ ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಬದಲಿಸುವುದು ಹತ್ತು ನಿಮಿಷದ ಕೆಲಸ. ಆದರೆ ವಾಷರ್ ಇರುವುದು ನಳದ ಹೊಟ್ಟೆಯಲ್ಲಿ; ಆ ಹೊಟ್ಟೆಗೆ ಇರುವ ಬಾಗಿಲಿನ ಮೇಲೆ ಕೂತಿರುವುದು ನಳದ ಹಿಡಿ. ಐದಾರು ವರ್ಷ ನೀರುಂಡು ಕಚ್ಚಿಕೊಂಡ ಹಿಡಿ ಜಗ್ಗುವುದಿಲ್ಲ. ಎಳೆದರೆ ಬಾರದು, ಹೊಡೆದರೆ ಮುರಿಯುತ್ತದೆ. ಪೇಟೆಯ ಪ್ಲಂಬರ್ ಒಂದು ವಾಷರ್‌ಗಾಗಿ ಹಳ್ಳಿಗೆ ಬಸ್ಸು ಹತ್ತುವುದಿಲ್ಲ, ಹತ್ತಿದರೆ ಬಸ್ಸಿನ ಚಾರ್ಜು, ಕೂಲಿ ಸೇರಿ ಹೊಸ ನಳದ ಬೆಲೆಯಾಗುತ್ತದೆ.

ಮುಂಬಯಿಯ ಮೀರಾ ರೋಡಿನಲ್ಲಿ ಆಬಿದ್ ಸುರ್ತಿ ಎಂಬ ಲೇಖಕ, ವ್ಯಂಗ್ಯಚಿತ್ರಕಾರರು ಹಿಡಿದದ್ದು ಈ ಗಂಟನ್ನೇ. 1935ರಲ್ಲಿ ಹುಟ್ಟಿದ ಸುರ್ತಿ ಇಂದ್ರಜಾಲ ಕಾಮಿಕ್ಸ್‌ನ ‘ಬಹಾದ್ದೂರ್’ ಪಾತ್ರದ ಸೃಷ್ಟಿಕರ್ತ. ಇಂದಿನ ಪಾಲಕರು ಬಾಲ್ಯದಲ್ಲಿ ಕದ್ದು ಓದಿದ ಪುಸ್ತಕಗಳವು. ಒಂದು ಬಕೆಟ್ ನೀರಿಗಾಗಿ ತಾಯಿ ಬೆಳಗಿನ ಜಾವ ಸರದಿಯಲ್ಲಿ ನಿಲ್ಲುತ್ತಿದ್ದುದನ್ನು ಕಂಡು ಬೆಳೆದ ಅವರಿಗೆ, ಗೆಳೆಯರ ಮನೆಯ ಸೋರುವ ನಳ ಸಹಿಸಲಾಗುತ್ತಿರಲಿಲ್ಲ. ಕೇಳಿದರೆ ಇಷ್ಟು ಸಣ್ಣ ಕೆಲಸಕ್ಕೆ ಪ್ಲಂಬರ್ ಬರುವುದಿಲ್ಲ ಎಂಬ ಉತ್ತರ. 2007ರಲ್ಲಿ ಹಿಂದಿ ಸಾಹಿತ್ಯಕ್ಕೆಂದು ಬಂದ ಒಂದು ಲಕ್ಷ ರೂಪಾಯಿ ಪುರಸ್ಕಾರದ ಹಣದಿಂದ ಅವರು ಒಬ್ಬ ಪ್ಲಂಬರನನ್ನು ಗೊತ್ತುಮಾಡಿಕೊಂಡು, ಭಾನುವಾರಗಳಂದು ಮನೆ ಮನೆಯ ಬಾಗಿಲು ತಟ್ಟಿ ನಳಗಳನ್ನು ಬಿಟ್ಟಿಯಾಗಿ ರಿಪೇರಿ ಮಾಡಿಸತೊಡಗಿದರು. ಮೊದಲ ವರ್ಷವೇ 1,666 ಮನೆಗೆ ಹೋಗಿ 414 ನಳ ಸರಿಪಡಿಸಿದರೆಂಬುದು ಅವರ ಸಂಸ್ಥೆಯ ಲೆಕ್ಕ. ಅಂದರೆ ನಾಲ್ಕು ಮನೆ ಹೊಕ್ಕರೆ ಒಂದು ನಳ. ಮನೆಯಲ್ಲೇ ಪಾನಾ ಹಿಡಿಯುವ ಒಬ್ಬರಿದ್ದರೆ ಸುರ್ತಿಯವರು ಬಾಗಿಲು ತಟ್ಟಬೇಕಾಗಿಯೂ ಇರಲಿಲ್ಲ ಎನ್ನುವುದು ಬೇರೆ ಮಾತು.

ನಳದ ಹೊಟ್ಟೆಯಲ್ಲೇನಿದೆ?

ತಿರುಪಿನ ನಳ ಇಂಗ್ಲೆಂಡಿನ ಕೊಡುಗೆ. ರಾದರ್‌ಹ್ಯಾಮ್ ಎಂಬ ಊರಿನ ಹಿತ್ತಾಳೆ ಎರಕದವರು, ಗೆಸ್ಟ್ ಅಂಡ್ ಕ್ರೈಮ್ಸ್ ಸಂಸ್ಥೆಯವರು, 1845ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಒಳಗಿನ ಏರ್ಪಾಡು ಇಂದಿಗೂ ಹೆಚ್ಚು ಬದಲಾಗಿಲ್ಲ. ನೀರು ಬರುವ ದಾರಿಯಲ್ಲಿ ಒಂದು ದುಂಡು ತೂತು, ತೂತಿನ ಅಂಚಿಗೆ ‘ಸೀಟು’ ಎನ್ನುತ್ತಾರೆ. ಹಿಡಿ ತಿರುವಿದರೆ ಸ್ಪಿಂಡಲ್ ಎಂಬ ಹಿತ್ತಾಳೆಯ ಕಡ್ಡಿ ತಿರುಪಿನ ಮೇಲೆ ಇಳಿದು, ತುದಿಯಲ್ಲಿರುವ ವಾಷರನ್ನು ಸೀಟಿನ ಮೇಲೆ ಒತ್ತುತ್ತದೆ. ನೀರು ನಿಂತಿತು.

ಇದಕ್ಕೆ ಬೇಕಾದ ಬಲವೆಷ್ಟು? ಹತ್ತು ಮೀಟರ್ ಎತ್ತರದ ನೀರಿನ ಕಂಬ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರ ಹಾಕುತ್ತದೆ. ಮನೆಯ ಮೇಲಿನ ಟಾಕಿ ನಳಕ್ಕಿಂತ ನಾಲ್ಕು ಮೀಟರ್ ಮೇಲಿದ್ದರೆ, ಅರ್ಧ ಇಂಚಿನ ತೂತಿನ ಮೇಲೆ ಬೀಳುವ ಭಾರ ಅರ್ಧ ಕಿಲೋ ಸಕ್ಕರೆಯ ಪೊಟ್ಟಣದಷ್ಟು. ಅಷ್ಟನ್ನು ತಡೆಯಲು ಎರಡು ಬೆರಳು ಸಾಕು. ಆದರೆ ನಳ ಸೋರತೊಡಗಿದೊಡನೆ ಹಿರಿಯರ ಬಾಯಿಂದ ಬರುವ ಮಾತು, “ಇನ್ನಷ್ಟು ಗಟ್ಟಿ ತಿರುವೋ ತಮ್ಮಾ.” ತಮ್ಮ ಗಟ್ಟಿಯಾಗಿ ತಿರುವುತ್ತಾನೆ. ತಿರುಪು ಬೆರಳಿನ ಬಲವನ್ನು ಹತ್ತಾರು ಪಟ್ಟು ಹೆಚ್ಚಿಸುವ ಯಂತ್ರ. ಸವೆದ ವಾಷರ್ ಇನ್ನಷ್ಟು ಕತ್ತರಿಸುತ್ತದೆ, ಕೊನೆಗೆ ಹಿತ್ತಾಳೆಯ ಸೀಟೇ ಗೀರು ಬೀಳುತ್ತದೆ. ಐದು ರೂಪಾಯಿಯ ರೋಗ ಐನೂರಕ್ಕೆ ಏರುವುದು ಹೀಗೆ.

ಮೊದಲು ರೋಗ ಎಲ್ಲಿದೆ ಎಂದು ನೋಡಬೇಕು. ನಳದ ಬಾಯಿಂದ ಹನಿ ಬಿದ್ದರೆ ವಾಷರ್ ಅಥವಾ ಸೀಟು ಕೆಟ್ಟಿದೆ. ನಳ ತೆರೆದಾಗ ಹಿಡಿಯ ಬುಡದಿಂದ ನೀರು ಜಿನುಗಿದರೆ ವಾಷರ್ ಗಟ್ಟಿಯಾಗಿಯೇ ಇದೆ, ಸ್ಪಿಂಡಲಿನ ಸುತ್ತಲಿನ ಗ್ಲ್ಯಾಂಡ್ ಸಡಿಲಾಗಿದೆ. ಅಲ್ಲಿನ ನಟ್ಟನ್ನು ಪಾನಾದಿಂದ ಕಾಲು ಸುತ್ತು ಬಿಗಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ. ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಸಾದಾ ಹಿತ್ತಾಳೆ ನಳದಲ್ಲಿ ಹಿಡಿಯ ಕೆಳಗೆ ಆರು ಮೂಲೆಯ ಭಾಗ ಬರಿಗಣ್ಣಿಗೆ ಕಾಣುತ್ತದೆ. ಕಂಡರೆ ವಾಷರ್‌ಗಾಗಿ ಹಿಡಿಯ ತಂಟೆಗೇ ಹೋಗಬೇಕಿಲ್ಲ. ಪಾನಾ ಹಾಕಿ ತಿರುವಿದರೆ ಹಿಡಿ ಸಮೇತ ಇಡೀ ತಲೆ ಬಿಚ್ಚಿ ಬರುತ್ತದೆ. ಹಿಡಿ ತೆಗೆಯಲೇಬೇಕಾಗುವುದು ಆ ಭಾಗವನ್ನು ಹೊಳೆಯುವ ಟೊಪ್ಪಿಗೆಯಿಂದ ಮುಚ್ಚಿದ ಬಚ್ಚಲ ನಳಗಳಲ್ಲಿ. ಅಂದಕ್ಕೆಂದು ಹಾಕಿದ ಮುಚ್ಚಳವೇ ರಿಪೇರಿಗೆ ಅಡ್ಡಿ.

ಕಚ್ಚಿಕೊಂಡದ್ದು ಯಾಕೆ?

ಹಿಡಿಯ ತೂತಿನ ಒಳಗೂ ಸ್ಪಿಂಡಲಿನ ತುದಿಗೂ ಹಲ್ಲುಗಳಿರುತ್ತವೆ. ಒಂದರೊಳಗೊಂದು ಕೂತ ಹಲ್ಲುಗಳ ನಡುವಿನ ಸಂದಿಗೆ ನೀರು ಇಳಿಯುತ್ತದೆ. ಬೋರಿನ ಗಡಸು ನೀರಾದರೆ ಅದರಲ್ಲಿ ಕರಗಿದ ಸುಣ್ಣದ ಅಂಶವಿರುತ್ತದೆ. ನೀರು ಆರಿ ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಬಚ್ಚಲ ಹಂಡೆಯ ಒಳಗೆ ಕಟ್ಟುವ ಬಿಳಿ ಹಕ್ಕಳೆಯೂ ಇದೇ, ಕ್ಯಾಲ್ಸಿಯಂ ಕಾರ್ಬೊನೇಟ್.

ಇನ್ನೊಂದು ಕಾರಣ ಹತ್ತನೇ ತರಗತಿಯ ಪುಸ್ತಕದಲ್ಲಿದೆ. ಕಡಿಮೆ ಬೆಲೆಯ ಹಿಡಿಗಳು ಹಲವೊಮ್ಮೆ ಸತುವಿನ ಮಿಶ್ರಲೋಹದವು, ಮೇಲೆ ಕ್ರೋಮಿಯಂ ಲೇಪ. ಸ್ಪಿಂಡಲ್ ಹಿತ್ತಾಳೆ, ಅಂದರೆ ಹೆಚ್ಚಿನ ಪಾಲು ತಾಮ್ರ. ಸತು, ತಾಮ್ರ, ನಡುವೆ ಉಪ್ಪಿನಂಶದ ನೀರು: ಶಾಲೆಯ ಪ್ರಯೋಗಾಲಯದಲ್ಲಿ ಬಲ್ಬು ಹೊತ್ತಿಸುವ ಕೋಶಕ್ಕೆ ಬೇಕಾದ ಸಾಮಗ್ರಿಯೆಲ್ಲ ಬಚ್ಚಲ ನಳದಲ್ಲೇ ಇದೆ. ಹೆಚ್ಚು ಚುರುಕಾದ ಲೋಹ ಸತು. ಅದು ಮೆಲ್ಲಗೆ ತಿಂದುಹೋಗಿ ಬಿಳಿ ಪುಡಿಯಾಗಿ ಸಂದಿಯಲ್ಲಿ ತುಂಬಿಕೊಳ್ಳುತ್ತದೆ. ಹಿತ್ತಾಳೆ ಹಸಿರು ಕಿಲುಬು ಹಿಡಿಯುತ್ತದೆ. ಮಧ್ಯದ ಸ್ಕ್ರೂ ಕಬ್ಬಿಣದ್ದಾದರೆ ತುಕ್ಕೂ ಸೇರಿಕೊಳ್ಳುತ್ತದೆ. ಹಿಡಿ ಹಟ ಮಾಡುವುದಲ್ಲ, ಒಳಗೆ ಗಾರೆ ಹಾಕಿದಂತಾಗಿರುತ್ತದೆ. ಗಾರೆಯನ್ನು ಎಳೆದು ಬಿಡಿಸಲಾಗದು. ಕರಗಿಸಬೇಕು, ಇಲ್ಲವೇ ಬಿರುಕು ಬಿಡಿಸಬೇಕು.

ಬಿಡಿಸುವ ಬಗೆ

ಕೆಲಸಕ್ಕೆ ಕೈಹಾಕುವ ಮೊದಲು ಟಾಕಿಯಿಂದ ಬರುವ ವಾಲ್ವ್ ಬಂದ್ ಮಾಡಿ, ನಳ ತೆರೆದು ಪೈಪಿನಲ್ಲಿ ಉಳಿದ ನೀರನ್ನು ಬಿಡಬೇಕು. ವಾಲ್ವ್ ಎಲ್ಲಿದೆ ಎಂಬುದೇ ಅನೇಕ ಮನೆಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಹುಡುಕುವ ಕೆಲಸವನ್ನು ಮಕ್ಕಳಿಗೆ ಹಚ್ಚುವುದು ಒಳ್ಳೆಯದು. ಮೋರಿಯ ಬಾಯಿಗೆ ಹಳೆಯ ಅರಿವೆ ತುರುಕಬೇಕು. ಕೈಜಾರಿದ ಸ್ಕ್ರೂ ಮೋರಿ ಸೇರಿದರೆ ಅದರ ಜೋಡಿ ಹುಡುಕಲು ಹುಬ್ಬಳ್ಳಿಯ ಅಂಗಡಿಗಳನ್ನೆಲ್ಲ ಸುತ್ತಬೇಕಾದೀತು.

ಹಿಡಿಯ ನೆತ್ತಿಯಲ್ಲಿ ಕೆಂಪು ಅಥವಾ ನೀಲಿ ಬೊಟ್ಟಿನ ಪುಟ್ಟ ಮುಚ್ಚಳವಿರುತ್ತದೆ. ಚಾಕುವಿನ ತುದಿಯಿಂದ ಎಬ್ಬಿಸಿದರೆ ಕೆಳಗೆ ಸ್ಕ್ರೂ. ಅಳತೆಗೆ ಸರಿಹೊಂದುವ ಸ್ಕ್ರೂಡ್ರೈವರ್ ಮಾತ್ರ ಬಳಸಬೇಕು. ಸಣ್ಣದನ್ನು ಹಾಕಿ ತಿರುವಿ ಸ್ಕ್ರೂವಿನ ತಲೆ ಸವೆಸಿದರೆ ಎರಡನೇ ತೊಂದರೆಯನ್ನು ಕೈಯಾರೆ ತಂದುಕೊಂಡಂತೆ. ಸವೆದೇ ಹೋಗಿದ್ದರೆ ನಡುವೆ ಅಗಲವಾದ ರಬ್ಬರ್ ಬ್ಯಾಂಡ್ ಇಟ್ಟು ಒತ್ತಿ ತಿರುವುವುದುಂಟು. ಅದು ಹಿಡಿತ ಕೊಡುತ್ತದೆ.

ಸ್ಕ್ರೂ ಬಂತು, ಹಿಡಿ ಬರಲಿಲ್ಲ. ಸುತ್ತಿಗೆಯ ಕಡೆಗೆ ಕೈ ಹೋಗುವುದು ಈ ಗಳಿಗೆಯಲ್ಲೇ. ಹೋಗಬಾರದು. ಪಕ್ಕದಿಂದ ಒಂದು ಏಟು ಬಿದ್ದರೆ ಸ್ಪಿಂಡಲ್ ಬಾಗುತ್ತದೆ, ಗೋಡೆಯೊಳಗಿನ ಪೈಪಿನ ಜೋಡಣೆ ಅಲುಗುತ್ತದೆ. ಬಚ್ಚಲ ಗೋಡೆ ಒಡೆಸಿದವರಿಗೆ ಅದರ ಖರ್ಚು ಗೊತ್ತು.

ಬಿಳಿ ಹಕ್ಕಳೆ ಕಂಡರೆ ಮೊದಲ ಮದ್ದು ಅಡುಗೆಮನೆಯಲ್ಲಿದೆ. ಹಿತ್ತಾಳೆ ತಂಬಿಗೆಗೆ ಅಜ್ಜಿ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದುದರ ಹಿಂದೆ ಇದ್ದದ್ದು ಇದೇ ರಸಾಯನಶಾಸ್ತ್ರ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್, ವಿನಿಗರ್‌ನಲ್ಲಿ ಅಸಿಟಿಕ್. ನಳಕ್ಕೆ ಒಳ್ಳೆಯದು ವಿನಿಗರ್ ಅಥವಾ ನಿಂಬೆರಸ. ಹುಣಸೆಯ ರಾಡಿ ಸಂದಿಯಲ್ಲಿ ಉಳಿಯುತ್ತದೆ. ಅದರಲ್ಲಿ ಅದ್ದಿದ ಅರಿವೆಯನ್ನು ಹಿಡಿಯ ಬುಡಕ್ಕೆ ಸುತ್ತಿ, ಸ್ಕ್ರೂವಿನ ತೂತಿಗೂ ನಾಲ್ಕು ಹನಿ ಬಿಟ್ಟರೆ ಸಣ್ಣ ಗುಳ್ಳೆಗಳೇಳುತ್ತವೆ. ಕಾರ್ಬೊನೇಟ್ ಆಮ್ಲಕ್ಕೆ ಸೋತು ಇಂಗಾಲದ ಡೈಆಕ್ಸೈಡ್ ಬಿಡುವ ದೃಶ್ಯವದು. ಅರ್ಧ ಗಂಟೆ ಸಾಕು. ರಾತ್ರಿಯಿಡೀ ಬಿಟ್ಟರೆ ಆಮ್ಲ ಹಿಡಿಯ ಹೊಳಪನ್ನೂ ತಿನ್ನುತ್ತದೆ. ಕೆಲಸವಾದ ಮೇಲೆ ನೀರಿನಿಂದ ತೊಳೆಯಬೇಕು.

ಹಕ್ಕಳೆಗಿಂತ ತುಕ್ಕು, ಕಿಲುಬು ಹೆಚ್ಚಾಗಿದ್ದರೆ ಎಣ್ಣೆ. ಬೈಕ್ ರಿಪೇರಿ ಅಂಗಡಿಯವರು ಬಳಸುವ, ಸಂದಿಗೆ ಇಳಿಯುವಂಥ ತೆಳು ಎಣ್ಣೆಯ ಸ್ಪ್ರೇ ಸಿಗುತ್ತದೆ. ಇದಕ್ಕೆ ಗಡಿಬಿಡಿ ಒಗ್ಗದು. ಸಂಜೆ ಬಿಟ್ಟು ಬೆಳಗ್ಗೆ ನೋಡುವಂಥ ಮದ್ದು. ಕೊಬ್ಬರಿ ಎಣ್ಣೆ ಬಿಟ್ಟು ಕಾಯುವವರೂ ಇದ್ದಾರೆ, ಆದರೆ ದಪ್ಪ ಎಣ್ಣೆ ಇಕ್ಕಟ್ಟಾದ ಸಂದಿಗೆ ಇಳಿಯುವುದು ಕಡಿಮೆ.

ಮೂರನೆಯದು ಬಿಸಿನೀರು. ಚಕ್ಕಡಿಯ ಗಾಲಿಗೆ ಹಳಿ ಏರಿಸುವುದನ್ನು ಕಂಡವರಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಿಲ್ಲ. ಕಮ್ಮಾರ ಕಬ್ಬಿಣದ ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾನೆ, ಹಿಗ್ಗಿದ ಹಳಿ ಗಾಲಿಯ ಮೇಲೆ ಸಲೀಸಾಗಿ ಕೂರುತ್ತದೆ, ನೀರು ಸುರಿದರೆ ಕುಗ್ಗಿ ಕಚ್ಚಿಕೊಳ್ಳುತ್ತದೆ. ಇಲ್ಲಿ ಅದರ ಉಲ್ಟಾ. ಹಿಡಿಯ ಮೇಲೆ ಕಾದ ನೀರನ್ನು ಮೆಲ್ಲಗೆ ಸುರಿದರೆ ಹಿಡಿ ಮೊದಲು ಹಿಗ್ಗುತ್ತದೆ, ಒಳಗಿನ ಸ್ಪಿಂಡಲ್ ಇನ್ನೂ ತಣ್ಣಗಿರುತ್ತದೆ. ಮೇಲಾಗಿ ಸತು ಹಿತ್ತಾಳೆಗಿಂತ ಹೆಚ್ಚು ಹಿಗ್ಗುವ ಲೋಹ. ಎಂಟು ಮಿಲಿಮೀಟರ್ ತೂತು 50 ಡಿಗ್ರಿ ಕಾದರೆ ಹಿಗ್ಗುವುದು ಒಂದು ಮಿಲಿಮೀಟರಿನ ನೂರನೇ ಒಂದು ಪಾಲು ಮಾತ್ರ. ಕೂದಲಿಗಿಂತ ಎಷ್ಟೋ ತೆಳು. ಆದರೂ ಒಳಗಿನ ಗಾರೆ ಬಿರುಕು ಬಿಡಲು ಅದು ಸಾಕಾಗುತ್ತದೆ. ಕಾದ ನೀರು ಸುರಿಯುವುದು ದೊಡ್ಡವರ ಕೆಲಸ, ಮಕ್ಕಳದ್ದಲ್ಲ. ಎಣ್ಣೆ ಬಿಟ್ಟ ಕಡೆ ಬೆಂಕಿ ತರಲೇಕೂಡದು. ಪ್ಲಾಸ್ಟಿಕ್ ನಳಕ್ಕಂತೂ ಈ ಉಪಾಯ ಬೇಡ. ಅದು ಕೆಟ್ಟರೆ ಬದಲಿಸುವುದೇ ಲೇಸು.

ಇಷ್ಟಾದ ಮೇಲೆ ಹಿಡಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲುಗಿಸುತ್ತ ನೇರ ಮೇಲಕ್ಕೆ ಎತ್ತಬೇಕು. ಬಾರದಿದ್ದರೆ ಹಳೆಯ ಪ್ಲಂಬರರು ಮಾಡುವ ಒಂದು ಸೊಗಸಾದ ಉಪಾಯವಿದೆ. ಹಿಡಿಯ ಕೆಳಗಿನ ಟೊಪ್ಪಿಗೆ ತಿರುವಿ ಬಿಚ್ಚುವಂಥದಾದರೆ ಅದನ್ನು ಸಡಿಲಿಸಿ, ನಳವನ್ನು ಪೂರ್ತಿ ತೆರೆದು, ಟೊಪ್ಪಿಗೆಯನ್ನು ಮೇಲಕ್ಕೆ ಸರಿಸಿ ಅದರ ಕೆಳಗೆ ಎರಡು ಬದಿಗೂ ಸಮನಾದ ಮರದ ಚಕ್ಕೆ ಇಡುವುದು. ಆಮೇಲೆ ನಳವನ್ನು ಬಂದ್ ಮಾಡುತ್ತ ಹೋಗುವುದು. ಸ್ಪಿಂಡಲ್ ಕೆಳಗಿಳಿಯಬೇಕು, ಹಿಡಿಗೆ ಇಳಿಯಲು ಚಕ್ಕೆ ಬಿಡುವುದಿಲ್ಲ. ಯಾವ ತಿರುಪಿನ ಬಲ ವಾಷರನ್ನು ಕತ್ತರಿಸಿತ್ತೋ ಅದೇ ಬಲ ಈಗ ಹಿಡಿಯನ್ನು ಕಳಚಿ ಕೊಡುತ್ತದೆ. ಟೊಪ್ಪಿಗೆ ಬಿಚ್ಚದ ನಳವಾದರೆ ಮೆಕ್ಯಾನಿಕ್‌ಗಳು ಬೇರಿಂಗ್ ಎಳೆಯಲು ಬಳಸುವ ಪುಲ್ಲರ್ ಎಂಬ ಸಾಧನವುಂಟು. ಎರಡು ಕೊಂಡಿ ಹಿಡಿಯ ಕೆಳಗೆ, ನಡುವಿನ ತಿರುಪು ಸ್ಪಿಂಡಲಿನ ನೆತ್ತಿಗೆ. ಸಣ್ಣ ಅಳತೆಯದನ್ನು ಗ್ಯಾರೇಜಿನಿಂದ ಒಂದು ತಾಸಿಗೆ ಕೇಳಿ ತರಬಹುದು. ಯಾವುದಕ್ಕೂ ಬಗ್ಗದ ಹಿಡಿಯನ್ನು ಗರಗಸದಿಂದ ಕೊಯ್ದು ಹೊಸ ಹಿಡಿ ಹಾಕುವುದು ಕೊನೆಯ ದಾರಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಹಿಡಿ ಬಂದ ಮೇಲಿನ ಕೆಲಸ ಸಲೀಸು. ಪಾನಾದಿಂದ ನಳದ ತಲೆ ಬಿಚ್ಚಿದರೆ ತುದಿಯಲ್ಲಿ ವಾಷರ್. ಹಳೆಯದನ್ನು ಬಿಸಾಡದೆ ಅಂಗಡಿಗೆ ಒಯ್ದು ಅಳತೆ ಹೊಂದಿಸಿ ತರಬೇಕು. ಸೀಟಿನ ಮೇಲೆ ಬೆರಳಾಡಿಸಿ ಗೀರು ಹತ್ತುತ್ತದೆಯೇ ನೋಡಬೇಕು. ಗೀರಿದ್ದರೆ ಹೊಸ ವಾಷರೂ ಬೇಗ ಹರಿಯುತ್ತದೆ, ಸೀಟು ಸಮ ಮಾಡುವ ಸಾಧನವುಳ್ಳ ಪ್ಲಂಬರನನ್ನು ಕರೆಯುವುದು ಆಗಲೇ. ಇತ್ತೀಚಿನ ಅರ್ಧ ಸುತ್ತಿಗೆ, ಕಾಲು ಸುತ್ತಿಗೆ ತೆರೆಯುವ ನಳಗಳಲ್ಲಿ ಇಂಥ ವಾಷರ್ ಇರುವುದಿಲ್ಲ, ಎರಡು ಸಿರಾಮಿಕ್ ಬಿಲ್ಲೆಗಳಿರುತ್ತವೆ. ಅಲ್ಲಿ ಒಳಗಿನ ಸ್ಪಿಂಡಲ್ ಪೂರ್ತಿ ಬದಲಿಸಬೇಕು. ಆದರೆ ಹಿಡಿ ಕಚ್ಚಿಕೊಳ್ಳುವ ಕಾಯಿಲೆ ಅವಕ್ಕೂ ತಪ್ಪಿದ್ದಲ್ಲ.

ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರಲ್ಲಿ ದಿನದ 24 ತಾಸೂ ನೀರು ಕೊಡುವ ಪ್ರಾತ್ಯಕ್ಷಿಕೆ ಯೋಜನೆ ಆರಂಭವಾಯಿತು. ವಾರಕ್ಕೊಮ್ಮೆ ನೀರು ಬರುತ್ತಿದ್ದಾಗ ನಳ ಸೋರಿದರೂ ಸೋರುವುದು ಆ ಎರಡು ತಾಸು. ಪೈಪಿನಲ್ಲಿ ಸದಾ ನೀರಿದ್ದು, ಮೀಟರೂ ಇದ್ದರೆ ಸೋರುವ ನಳ ಹಗಲಿರುಳು ಓಡುವ ರಿಕ್ಷಾದ ಮೀಟರಿದ್ದಂತೆ. ಸದಾ ನೀರಿನ ಸುಖ ಬಂದಲ್ಲೆಲ್ಲ ಪಾನಾ ಹಿಡಿಯುವ ಕೈಯೂ ಬೇಕಾಗುತ್ತದೆ. ಹಳ್ಳಿಯಲ್ಲಿ ಪಂಚಾಯತಿಯ ನೀರಗಂಟಿಯೊಬ್ಬರೇ ಮೋಟಾರು, ಪೈಪು, ನಳ ಎಲ್ಲಕ್ಕೂ ಓಡಬೇಕು. ಐಟಿಐಗಳಲ್ಲಿ ಪ್ಲಂಬರ್ ಒಂದು ವರ್ಷದ ಟ್ರೇಡು. ಎಲ್ಲರೂ ಎಲೆಕ್ಟ್ರಿಷಿಯನ್, ಫಿಟ್ಟರ್ ಎಂದು ಸಾಲು ಹಚ್ಚುವಾಗ ಇದರ ಕಡೆಗೂ ಕಣ್ಣು ಹಾಯಿಸುವುದು ವಿದ್ಯಾರ್ಥಿಗಳಿಗೂ ಪಾಲಕರಿಗೂ ನಷ್ಟದ ಮಾತಲ್ಲ.

ಹಿಡಿಯನ್ನು ಮರಳಿ ಕೂರಿಸುವಾಗ ಹಲ್ಲುಗಳಿಗೆ ತುಸು ಗ್ರೀಸ್ ಸವರಬೇಕು. ಪ್ಲಂಬರ್ ಹೊರಡುವ ಅವಸರದಲ್ಲಿ ಬಿಟ್ಟುಬಿಡುವ ಕೆಲಸವಿದು. ಮುಂದಿನ ಸಲ ಹಿಡಿ ಬೆರಳಿಗೆ ಬರುವುದೂ ಬಾರದಿರುವುದೂ ಇದರ ಮೇಲಿದೆ. ಗ್ರೀಸ್ ರಬ್ಬರಿಗೆ ತಾಗದಿರಲಿ. ಸ್ಕ್ರೂವನ್ನು ಕೂರುವಷ್ಟು ಬಿಗಿದರೆ ಸಾಕು. ವಾಲ್ವ್ ತೆರೆದು, ನಳವನ್ನು ಎರಡು ಬೆರಳಿನಿಂದ ಬಂದ್ ಮಾಡಿ, ಮಲಗುವ ಮುಂಚೆ ಅದರ ಕೆಳಗೊಂದು ಒಣ ತಂಬಿಗೆ ಇಟ್ಟು ಬೆಳಗ್ಗೆ ನೋಡಬೇಕು. ಸೆಕೆಂಡಿಗೊಂದು ಹನಿ ಬೀಳುವ ನಳವಾದರೆ ಎಂಟು ತಾಸಿನಲ್ಲಿ ಏಳು ಲೀಟರ್ ಸುರಿದು ತಂಬಿಗೆ ಎಂದೋ ತುಂಬಿ ಹರಿದಿರುತ್ತದೆ. ತಳದಲ್ಲಿ ನಾಲ್ಕೇ ಹನಿ ಇದ್ದರೆ ಅದು ನಳದ ಮೂತಿಯಲ್ಲಿ ಉಳಿದಿದ್ದ ನೀರು. ಇನ್ನೊಂದು ರಾತ್ರಿ ಇಟ್ಟು ನೋಡಿದರೆ ಗೊತ್ತಾಗುತ್ತದೆ.